ಸೂಜಿಯ ಕೊನೆಯ ತುಂಡು

ಹೊಲಿಗೆ ಯಂತ್ರದ ಸದ್ದು ಅರ್ಧಕ್ಕೇ ನಿಂತಿತು.

ಅವನು ತಲೆ ಎತ್ತಿದ್ದ. ಬಾಗಿಲಲ್ಲಿ ಅವಳು ನಿಂತಿದ್ದಳು. ನಡುವೆ ಹರಿದ ಕೊಡೆಗಳ ರಾಶಿ. ಓಣಿಯ ತುದಿಯಲ್ಲಿ ಸಮುದ್ರದ ಮೊರೆತ.

ಈ ಮುಖ ಕಂಡರೆ ಹೇಳಬೇಕೆಂದು ಮೂರು ತಿಂಗಳಿಂದ ಬಾಯಿಪಾಠ ಮಾಡಿಟ್ಟ ಮಾತುಗಳಿದ್ದವು. ಬಚ್ಚಲಲ್ಲಿ ಹೇಳಿಕೊಂಡಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹಲ್ಲು ಕಚ್ಚಿ ಹೇಳಿಕೊಂಡಿದ್ದಳು. ಈಗ ಒಂದೂ ನಾಲಿಗೆಗೆ ಬರಲಿಲ್ಲ.

ಮಾತು ಬಂದದ್ದು ಅವನಿಗೆ.

"ಬೆರಳು... ವಾಸಿ ಆಯ್ತಾ?"

ಅವಳು ಬಲಗೈಯನ್ನು ಚೀಲದ ಹಿಂದೆ ಸರಿಸಿದಳು. 'ಇವನಿಗೆ ನಿಜವಾಗಿಯೂ ಗೊತ್ತಿಲ್ಲವೋ, ಗೊತ್ತಿದ್ದೂ ನಾಟಕವೋ?'

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಬಸ್ಸು ಹೊರಡುವುದು ಐದಕ್ಕೆ.

ಅವಳು ಈ ಊರಿಗೆ ಬಂದದ್ದು ಅವನನ್ನು ಹುಡುಕಿಕೊಂಡಲ್ಲ. ಅವನು ಎಲ್ಲಿದ್ದಾನೆಂದೇ ಗೊತ್ತಿರಲಿಲ್ಲ. ಬಂದದ್ದು ಬಟ್ಟೆ ಕಾರ್ಖಾನೆಯ ಬಸ್ಸಿನಲ್ಲಿ, ಒಂದು ದಿನದ ಪ್ರವಾಸಕ್ಕೆ. ದೊಡ್ಡ ಆರ್ಡರೊಂದನ್ನು ಗಡುವಿಗಿಂತ ಮೊದಲೇ ಹೊಲಿದು ಮುಗಿಸಿದ ಮೂರನೇ ಲೈನಿಗೆ ಕಂಪನಿ ಕೊಟ್ಟ ಬಹುಮಾನವಿದು: ಒಂದು ಭಾನುವಾರ, ಒಂದು ಸಮುದ್ರ, ಎಲ್ಲರ ತಲೆಗೂ ಒಂದೇ ಬಣ್ಣದ ಟೋಪಿ. ಆರು ಭಾನುವಾರಗಳನ್ನು ಕಿತ್ತುಕೊಂಡವರು ಅದರಲ್ಲೇ ಒಂದನ್ನು ಉಡುಗೊರೆ ಎಂದು ವಾಪಸು ಕೊಟ್ಟಿದ್ದರು. ಚಪ್ಪಾಳೆ ತಟ್ಟಿ ಎಂದೂ ಹೇಳಿದ್ದರು.

ಆ ಲೈನಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅಂಗಿಯ ಯಾವ ಭಾಗ ಹೊಲಿಯುತ್ತಾರೋ ಅದೇ ಹೆಸರು. ಅವಳು ಕಾಲರ್. ಪಕ್ಕದ ಮೆಷಿನ್ನಿನ ಹಿರಿಯಳು ಕಫ್ ಅಕ್ಕ. ಅವರಾಚೆಯ ಬಾಯಿಬಡುಕಿ ಜೇಬು. ಒಂದು ಕಾಲರಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುತ್ತ ಬೆನ್ನ ಹಿಂದೆ ನಿಲ್ಲುವ ಸೂಪರ್‌ವೈಸರ್ ಸ್ಟಾಪ್‌ವಾಚ್. ಕೆಟ್ಟ ಮೆಷಿನ್‌ಗಳನ್ನು ಸರಿಮಾಡುತ್ತಿದ್ದ ಮೆಕ್ಯಾನಿಕ್, ಇದೀಗ ಕೊಡೆ ಅಂಗಡಿಯಲ್ಲಿ ಕೂತಿರುವ ಇವನೇ, ಎಣ್ಣೆ ಡಬ್ಬಿ.

ಕಾಲರ್ ಈ ಪ್ರವಾಸಕ್ಕೆ ಬರುವುದಿಲ್ಲ ಎಂದಿದ್ದಳು.

"ನಾಳೆ ವಿಚಾರಣೆ ಇಟ್ಕೊಂಡು ಯಾವ ಮುಖ ಹೊತ್ಕೊಂಡು ಸಮುದ್ರ ನೋಡ್ಲಿ ಅಕ್ಕಾ?"

"ಇರೋ ಮುಖಾನೇ ಹೊತ್ಕೊಂಡು ಬಾ," ಎಂದಿದ್ದಳು ಕಫ್ ಅಕ್ಕ. "ಸಮುದ್ರ ಏನು ನಿನ್ನ ಮುಖ ಚೆಕ್ ಮಾಡಿ ಪಾಸು, ಫೇಲು ಅಂತ ಸೀಲ್ ಹೊಡೆಯುತ್ತಾ?"

ವಿಚಾರಣೆ ಯಾತರದ್ದು ಎಂದರೆ, ಒಂದು ಸೂಜಿಯದ್ದು.

ಹೊಲಿಯುವಾಗ ಸೂಜಿ ಮುರಿದರೆ ಅದರ ಪ್ರತಿಯೊಂದು ಚೂರನ್ನೂ ಹುಡುಕಿ, ಜೋಡಿಸಿ, ರಿಜಿಸ್ಟರಿನಲ್ಲಿ ಅಂಟಿಸಬೇಕು. ಎಲ್ಲ ತುಂಡೂ ಸಿಕ್ಕಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಕಾಣೆಯಾದರೂ ಲೈನು ನಿಲ್ಲುತ್ತದೆ. ಎಲ್ಲೋ ದೂರದಲ್ಲಿ ಆ ಅಂಗಿ ತೊಡುವವನ ಕತ್ತಿಗೆ ಅದು ಚುಚ್ಚಬಾರದಲ್ಲ. ಹೊಲಿಯುವವಳ ಕೈಗೆ ಚುಚ್ಚಿದರೆ? ಅದಕ್ಕೆ ರಿಜಿಸ್ಟರ್ ಇಲ್ಲ.

ಮೂರು ತಿಂಗಳ ಹಿಂದೆ ಅವಳ ಮೆಷಿನ್ನಿನ ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಮುರಿಯಿತು. ರಕ್ತಕ್ಕೊಂದು ಚಿಂದಿ ಸುತ್ತಿಕೊಂಡು ಎಲ್ಲರ ಜೊತೆ ಅವಳೂ ನೆಲಕ್ಕೆ ಮಂಡಿಯೂರಿ ಹುಡುಕಿದಳು. ತುದಿ ಸಿಗಲಿಲ್ಲ. ಈಗಾಗಲೇ ಎರಡು ಎಚ್ಚರಿಕೆಯ ಕಾಗದ ಪಡೆದವಳು. ಮೂರನೆಯದಕ್ಕೆ ಗೇಟೇ ಗತಿ. ಸ್ಟಾಪ್‌ವಾಚ್ ಆ ಕಾಗದ ತರಲು ಹೊರಟಾಗ ಎಣ್ಣೆ ಡಬ್ಬಿ ಮೆಷಿನ್ನಿನ ಅಡಿಯಿಂದ ಎದ್ದು, "ಸಿಕ್ತು," ಎಂದ. ತುದಿಯನ್ನು ಅಂಟಿಸಿದ. ಲೈನು ಓಡಿತು. ಬೀಸುವ ದೊಣ್ಣೆ ತಪ್ಪಿತೆಂದು ಅವಳು ಉಸಿರು ಬಿಟ್ಟಳು.

ಆ ಸಂಜೆ ಗೇಟಿನ ಹತ್ತಿರ ಅವನು, "ನಾಳೆ ನಿಮಗೊಂದು ಮಾತು ಹೇಳ್ಬೇಕು," ಎಂದಿದ್ದ.

ನಾಳೆ ಬಂತು. ಅವನು ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಅವನ ಜಾಗಕ್ಕೆ ಹೊಸ ಮೆಕ್ಯಾನಿಕ್ ಬಂದ.

ಹದಿನೈದು ದಿನಕ್ಕೆ ಬೆರಳು ಬದನೆಕಾಯಿಯ ಹಾಗೆ ಊದಿತು. ಎಕ್ಸ್‌ರೇಯಲ್ಲಿ ಮೂಳೆಯ ಪಕ್ಕ ಅಕ್ಕಿನುಚ್ಚಿನಷ್ಟು ಬಿಳಿ ಗೆರೆ. ಸೂಜಿಯ ತುದಿ.

ಹಾಗಾದರೆ ರಿಜಿಸ್ಟರಿನಲ್ಲಿ ಅವನು ಅಂಟಿಸಿದ್ದು ಏನನ್ನು?

'ಸುಳ್ಳು. ಲೈನು ಓಡಲಿ ಅಂತ ಸುಳ್ಳು ಅಂಟಿಸಿ ಓಡಿಹೋದ.' ಆಸ್ಪತ್ರೆಯ ಬೆಂಚಿನ ಮೇಲೆಯೇ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಕಂಪನಿಯವರು ರಿಜಿಸ್ಟರ್ ತೆರೆದು ತೋರಿಸಿದರು. ಎಲ್ಲ ತುಂಡೂ ಇದೆಯಮ್ಮ, ನಿನ್ನ ಬೆರಳಲ್ಲಿದ್ದದ್ದು ಬೇರೆ ಯಾವುದೋ ಸೂಜಿ, ಮನೆಯಲ್ಲಿ ಹೊಲಿಯುತ್ತಿದ್ದೆಯೇನೋ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆರಳು ಮಡಿಸಲು ಬಾರದೆ ಸೆಟೆದು ನಿಂತಿತು. ಈಗ ಬೆಳಿಗ್ಗೆ ಅಮ್ಮನೇ ಅವಳಿಗೆ ಜಡೆ ಹೆಣೆಯಬೇಕು. ದಿನಕ್ಕೆ ನಾನೂರು ಕಾಲರ್ ಹೊಲಿದವಳಿಗೆ ತನ್ನ ಕಾಲರಿನ ಗುಂಡಿ ಹಾಕಿಕೊಳ್ಳಲು ಆಗದು.

ಅವಳು ದೂರು ಕೊಟ್ಟಳು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಸುಳ್ಳು ದೂರು ಎಂದು ತೀರ್ಮಾನವಾದರೆ ಚಿಕಿತ್ಸೆಯೂ ಇಲ್ಲ, ಕೆಲಸವೂ ಇಲ್ಲ. ಸುಳ್ಳುಗಾತಿ ಎಂಬ ಹೆಸರು ಮಾತ್ರ ಅವಳಿಗಿಂತ ಮೊದಲೇ ಬೇರೆ ಕಾರ್ಖಾನೆಗಳ ಗೇಟು ತಲುಪಿರುತ್ತದೆ.

ಅಂಥ ನಾಳೆಯನ್ನು ಹೊಟ್ಟೆಯಲ್ಲಿ ಕಲ್ಲಿನಂತೆ ಹೊತ್ತು ಅವಳು ಮರಳಿನ ಮೇಲೆ ನಡೆದಿದ್ದಳು. ಚೆಂದದ ಊರು. ಸುಣ್ಣ ಬಳಿದ ಗೋಡೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಓಣಿಗಳು, ಕಿಟಕಿಗೊಂದು ಹೂಕುಂಡ. ಲೈನಿನ ಹೆಂಗಸರು ದಾರಿಯುದ್ದಕ್ಕೂ ತಾವು ಹೊಲಿದ ಅಂಗಿ ಕಾಣುತ್ತದೋ ಎಂದು ಪ್ರವಾಸಿಗರ ಕತ್ತನ್ನೇ ನೋಡುತ್ತಿದ್ದರು.

"ಏಯ್ ಕಾಲರ್, ಅಗೋ ಆ ಬೊಜ್ಜಿನವನು ಹಾಕಿರೋದು ನಮ್ಮ ಲೈನಿಂದೇ ಕಣೇ," ಎಂದಳು ಜೇಬು. "ನಾನು ಹೊಲಿದ ಜೇಬೊಳಗೆ ಕೈ ಇಳಿಬಿಟ್ಕೊಂಡು ಹೆಂಗೆ ನಡೀತಾನೆ ನೋಡು, ಮಾವನ ಮನೆ ಅಂಗಳದಲ್ಲಿ ನಡೆದ ಹಾಗೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಲರ್ ನಗಲಿಲ್ಲ. ಅವಳು ಅಲ್ಲೇ ನೆಟ್ಟಿದ್ದ ಬಾಡಿಗೆ ಕೊಡೆಯೊಂದರ ಅಂಚನ್ನು ದಿಟ್ಟಿಸುತ್ತಿದ್ದಳು.

ಅಂಚಿನ ತೇಪೆಯ ಹೊಲಿಗೆ ಮುಗಿದಲ್ಲಿ ಒಂದು ಪುಟ್ಟ ಉಂಗುರವಿತ್ತು.

ಮೆಷಿನ್ ಸರಿಮಾಡಿದ ಮೇಲೆ ಮೆಕ್ಯಾನಿಕ್‌ಗಳು ಚಿಂದಿಯ ಮೇಲೆ ನೇರ ಗೆರೆ ಹೊಲಿದು ನೋಡುತ್ತಾರೆ. ಅವನು ಮಾತ್ರ ಗೆರೆಯ ಕೊನೆಗೆ ಬಟ್ಟೆ ತಿರುಗಿಸಿ ಉಂಗುರ ಹೊಲಿಯುತ್ತಿದ್ದ. ತಿರುವಿನಲ್ಲೂ ದಾರ ಸಿಕ್ಕಿಕೊಳ್ಳದಿದ್ದರೆ ಮೆಷಿನ್ ನಿಯತ್ತಾಗಿದೆ ಎನ್ನುತ್ತಿದ್ದ. ಅಂಥ ಹದಿನೇಳು ಚಿಂದಿಗಳು ಅವಳ ಮನೆಯ ದಾರದ ಡಬ್ಬಿಯಲ್ಲಿದ್ದವು. ಯಾಕೆ ಇಟ್ಟುಕೊಂಡಳು ಎಂದು ಕೇಳಬೇಡಿ. ಆ ಎಕ್ಸ್‌ರೇಯ ಮೇಲೂ ಯಾಕೆ ಎಸೆಯಲಿಲ್ಲ ಎಂದಂತೂ ಕೇಳಲೇಬೇಡಿ.

ಕೊಡೆಯವನನ್ನು ವಿಚಾರಿಸಿದಳು. ದೀಪಸ್ತಂಭದ ಕೆಳಗಿನ ಓಣಿ, ನೀಲಿ ಬಾಗಿಲು, ಕೊಡೆ ಅಜ್ಜಿಯ ಅಂಗಡಿ ಎಂದ. ಮೆಟ್ಟಿಲಿಳಿದಿದ್ದಳು.

ಈಗ ಆ ನೀಲಿ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಬೆರಳಿನ ವಿಚಾರ ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ?"

ಒಳಗಿನಿಂದ ಬಂದ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಮ್ಮಾ ನೀನು? ಹರಿದಿರೋದು ಕೊಡೆಯಾ, ಮನಸ್ಸಾ? ಕೊಡೆ ಆದ್ರೆ ಬುಧವಾರ ಬಾ. ಮನಸ್ಸಾದ್ರೆ ಒಳಗೆ ಬಾ, ಬಾಗಿಲಲ್ಲಿ ನಿಂತು ಕಿರುಚಬೇಡ."

ಅವಳು ಒಳಗೆ ಬಂದಳು. ಚೀಲದಿಂದ ಔಷಧಿಯ ಪುಟ್ಟ ಸೀಸೆ ತೆಗೆದು ಮೆಷಿನ್ನಿನ ಹಲಗೆಯ ಮೇಲಿಟ್ಟಳು. ತಳದಲ್ಲಿ ಏನೋ ಮಿನುಗಿತು.

"ನೋಡಿ. ಅವತ್ತು ನೀವು 'ಸಿಕ್ತು' ಅಂದ ತುದಿ. ನನ್ನ ಮೂಳೆ ಪಕ್ಕ ಇತ್ತು. ಕೊಯ್ದು ತೆಗೆದರು."

ಅವನು ಸೀಸೆಯನ್ನು ಬೆಳಕಿಗೆ ಹಿಡಿದ. ಮುಖದ ರಕ್ತ ಇಳಿದುಹೋಯಿತು.

"ಬೆರಳೊಳಗೆ..." ಎಂದ. "ಅಯ್ಯೋ... ಬೆರಳೊಳಗಿರಬಹುದು ಅಂತ ನನಗೆ ಹೊಳೀಲೇ ಇಲ್ಲ. ನೆಲದಲ್ಲಿ ಹುಡುಕಿದೆ, ಎಣ್ಣೆ ತಟ್ಟೆಯಲ್ಲಿ ಹುಡುಕಿದೆ..."

"ಅಂಗಿಗಳನ್ನೆಲ್ಲ ಲೋಹ ಪತ್ತೆ ಹಚ್ಚೋ ಯಂತ್ರದೊಳಗೆ ಹಾಯಿಸಿ ಹುಡುಕಿದರು. ನನ್ನ ಕೈ ಯಾರೂ ನೋಡಲಿಲ್ಲ. ಯಾಕಂದ್ರೆ ರಿಜಿಸ್ಟರಲ್ಲಿ ಎಲ್ಲಾ ಸರಿಯಾಗಿತ್ತು. ನಿಮ್ಮ ಕೃಪೆ. ನಾಳೆ ಹತ್ತಕ್ಕೆ ವಿಚಾರಣೆ, ಅದೇ ಪುಟ ತೋರಿಸಿ ನನ್ನನ್ನ ಸುಳ್ಳುಗಾತಿ ಅಂತಾರೆ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಎಲ್ಲ ತುಂಡೂ ಕೊಟ್ಟ ಮೇಲೆ ತಾನೇ ಹೊಸ ಸೂಜಿ? ನಿಮ್ಮದೇ ರೂಲು. ಅವತ್ತು ನಡೆದದ್ದು ಅಷ್ಟೂ ನನಗೆ ಬೇಕು. ಒಂದು ಚೂರೂ ಮುಚ್ಚಿಡಬೇಡಿ."

ಅವನು ನೆಲ ನೋಡುತ್ತ ಹೇಳಿದ. ತುದಿ ಸಿಗದಾಗ ಸ್ಟಾಪ್‌ವಾಚ್ ಮೂರನೇ ಕಾಗದಕ್ಕೆ ಹೊರಟಿದ್ದು ಕಂಡಿತು. ಜೇಬಿನಲ್ಲಿ ಬೇರೊಂದು ಹಳೆಯ ಸೂಜಿ ಇತ್ತು. ಮೆಷಿನ್ನಿನ ಅಡಿಯಲ್ಲಿ ಇಕ್ಕಳದಿಂದ ಅದರ ತುದಿ ಕತ್ತರಿಸಿ ಅಂಟಿಸಿಬಿಟ್ಟ.

"ನಿಮ್ಮ ಕೆಲಸ ಉಳೀಲಿ ಅಂತ ಮಾಡಿದೆ. ಲೈನ್ ಓಡಲಿ ಅಂತಲ್ಲ. ಆಣೆಗೂ ಅಲ್ಲ."

"ಮತ್ತೆ ಓಡಿಹೋಗಿದ್ದು?"

"ಓಡಲಿಲ್ಲ, ಓಡಿಸಿದರು. ಕತ್ತರಿಸೋದನ್ನ ಸ್ಟಾಪ್‌ವಾಚ್ ಹಿಂತಿರುಗಿ ನೋಡಿಬಿಟ್ಟಿದ್ದ. ಸಂಜೆ ನೀವು ಗೇಟು ದಾಟಿದ ಮೇಲೆ ವಾಪಸ್ ಕರೆದ. 'ಇಬ್ಬರೂ ಹೋಗ್ತೀರಾ, ಇಲ್ಲಾ ಬಾಯಿ ಮುಚ್ಕೊಂಡು ನೀನೊಬ್ಬನೇ ಹೋಗ್ತೀಯಾ?' ಅಂದ. ನಾನೊಬ್ಬನೇ ಹೋದರೆ ನಿಮ್ಮ ಕೆಲಸ ಇರುತ್ತೆ ಅಂದ. ಹೋದೆ."

ಅವಳ ಕಿವಿಯೊಳಗೆ ಗುಂಯ್ ಎಂದಿತು. 'ಹಾಗಾದರೆ ಅವರಿಗೆ ಗೊತ್ತಿತ್ತು. ರಿಜಿಸ್ಟರ್ ಸುಳ್ಳೆಂದು ಗೊತ್ತಿದ್ದೂ ಅದನ್ನೇ ನನ್ನ ಮುಖಕ್ಕೆ ಹಿಡಿದರು. ನಾನು ಮೂರು ತಿಂಗಳು ಶಪಿಸಿದ್ದು ಯಾರನ್ನು...'

"ಒಂದು ಫೋನ್ ಮಾಡೋಕೆ ಆಗಲಿಲ್ವಾ?"

"ಹದಿನೈದು ದಿನ ಧೈರ್ಯ ಬರಲಿಲ್ಲ. ಧೈರ್ಯ ಬಂದ ದಿನ ಫೋನ್ ಹೋಗಲಿಲ್ಲ."

ಅವಳು ತುಟಿ ಕಚ್ಚಿಕೊಂಡಳು. ಆ ಬೆಂಚು, ಆ ಬ್ಲಾಕ್... ಅದು ಅವಳ ಪಾಲಿನ ತುಂಡು.

"ನನ್ನ ಕೈಯಿಂದ ಒಂದು ತಪ್ಪಾಗಿದೆ," ಎಂದ ಅವನು, ಸೀಸೆಯನ್ನು ಇನ್ನೂ ಬೆಳಕಿಗೇ ಹಿಡಿದು. "ನಿಮ್ಮ ಮೆಷಿನ್ ಸೂಜಿ ಹನ್ನೊಂದನೇ ನಂಬರು, ತೆಳು. ನನ್ನ ಜೇಬಲ್ಲಿದ್ದದ್ದು ಹದಿನಾರು, ದಪ್ಪ ಬಟ್ಟೆದು. ಗಡಿಬಿಡಿಯಲ್ಲಿ ತೆಳು ಸೂಜಿಗೆ ದಪ್ಪ ತುದಿ ಅಂಟಿಸಿದ್ದೀನಿ. ಕುರಿ ಮೈಗೆ ಎಮ್ಮೆ ಕೊಂಬು. ಯಾರೂ ಸರಿಯಾಗಿ ನೋಡಿಲ್ಲ ಅಷ್ಟೆ. ನಾಳೆ ಆ ಪುಟದ ಪಕ್ಕ ಈ ಸೀಸೆ ಇಟ್ಟು ಅಳತೆ ಮಾಡಿ ಅನ್ನಿ. ಯಾವುದು ಯಾವುದಕ್ಕೆ ಸೇರುತ್ತೆ ಅಂತ ಸೂಜಿನೇ ಹೇಳುತ್ತೆ."

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಹೊಟ್ಟೆಯ ಕಲ್ಲು ತುಸು ಅಲುಗಾಡಿತು. ಮರುಕ್ಷಣವೇ ಇನ್ನೊಂದು ಭಯ.

"ಅಳತೆ ತಪ್ಪು ಅಂತ ಗೊತ್ತಾದ್ರೆ, ನೀನೇ ಬದಲಾಯಿಸಿದೆ ಅಂತ ನನ್ನ ಮೇಲೇ ಹಾಕಿದ್ರೆ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಕತ್ತರಿಸಿದವನು ಬಂದು ಬಾಯಿ ಬಿಟ್ಟು ಹೇಳಬೇಕು.

"ನೀವು ಬಂದು..." ಎಂದಳು.

ಅವನ ಕಣ್ಣು ಮೆಷಿನ್ನಿನ ಪಕ್ಕದಲ್ಲಿದ್ದ ಎಣ್ಣೆ ಡಬ್ಬಿಯ ಮೇಲೆ, ಇಕ್ಕಳದ ಮೇಲೆ, ಕೈಯಳತೆಗೆ ಸರಿಯಾಗಿ ಸವೆದ ತಿರುಪುಳಿಯ ಮೇಲೆ ಹರಿದಾಡಿತು. ಅವಳಿಗೆ ಅರ್ಥವಾಯಿತು. ಸೂಜಿ ರಿಜಿಸ್ಟರಿನಲ್ಲಿ ಸುಳ್ಳು ಅಂಟಿಸಿದೆ ಎಂದು ಒಪ್ಪಿಕೊಂಡ ಮೆಕ್ಯಾನಿಕ್‌ನನ್ನು ಯಾವ ಕಾರ್ಖಾನೆಯೂ ಒಳಗೆ ಬಿಡುವುದಿಲ್ಲ. ಅವನಿಗೆ ಓದಿನ ಸರ್ಟಿಫಿಕೇಟಿಲ್ಲ. ಇರುವುದು ಕೈಗುಣ, ಮತ್ತು ಒಳ್ಳೆಯ ಹೆಸರು.

ತನಗಾದದ್ದನ್ನೇ ಇನ್ನೊಬ್ಬರಿಗೆ ಮಾಡಲೇ?

"ಬೇಡ ಬಿಡಿ. ಹನ್ನೊಂದು, ಹದಿನಾರು. ನನಗಿಷ್ಟು ಸಾಕು." ಸೀಸೆಯನ್ನು ಅವನ ಕೈಯಿಂದ ತೆಗೆದುಕೊಂಡಳು. "ಬರ್ತೀನಿ."

ಅವನು ತಡೆಯಲಿಲ್ಲ.

ಓಣಿಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಹರಿದಿದ್ದನ್ನ ಹಾಗೇ ಕಳಿಸಿಬಿಟ್ಟೆಯಲ್ಲೋ, ಇದೇನಾ ನೀನು ಕಲಿತ ಕಸುಬು?"

ಅವನ ಉತ್ತರ ಕೇಳಿಸಲಿಲ್ಲ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಕಾಲು ಏಳುತ್ತಿರಲಿಲ್ಲ.

ಬಸ್ಸಿನ ಹತ್ತಿರ ಬಂದಾಗ ನಾಲ್ಕೂವರೆ. ಎಲ್ಲರನ್ನೂ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಮುಂದೆ ಬ್ಯಾನರು: 'ನಾವೆಲ್ಲ ಒಂದೇ ಕುಟುಂಬ'.

"ಎಲ್ಲಿಗೆ ಹೋಗಿದ್ದೆ?" ಎಂದ ಸ್ಟಾಪ್‌ವಾಚ್.

"ಕೊಡೆ ನೋಡೋಕೆ ಸಾರ್."

"ಮೋಡ ಇಲ್ಲ, ಮಳೆ ಇಲ್ಲ, ಕೊಡೆಯಂತೆ." ಅವನು ಅವಳ ಚೀಲವನ್ನು ದಿಟ್ಟಿಸಿದ. "ನಾಳೆ ವಿಷಯ ನೆನಪಿದೆ ತಾನೇ? ಈಗಲೂ ದೂರು ವಾಪಸ್ ತಗೊಂಡ್ರೆ ನಿನಗೇ ಒಳ್ಳೇದು. ಅಪ್ಪನ ಹಾಗೆ ಹೇಳ್ತಿದ್ದೀನಿ."

"ನಮ್ಮಪ್ಪ ಯಾವತ್ತೂ ವಾಚ್ ಹಿಡ್ಕೊಂಡು ಮಾತಾಡಲಿಲ್ಲ ಸಾರ್," ಎಂದು ಬಸ್ಸು ಹತ್ತಿದಳು.

ಕಿಟಕಿಯ ಪಕ್ಕ ಕೂತು ದಾರಿ ನೋಡಿದಳು. ಐದಕ್ಕೆ ಹತ್ತು ನಿಮಿಷ. ಐದು ನಿಮಿಷ. 'ಬರಬೇಡ. ಬಂದು ಹಾಳಾಗಬೇಡ,' ಎಂದಿತು ಮನಸ್ಸು. ಅದೇ ಮನಸ್ಸು ಮೆಟ್ಟಿಲ ತುದಿಯಲ್ಲಿ ಕಾಣುವ ಪ್ರತಿ ತಲೆಗೂ ಬೆಚ್ಚಿತು. ಐಸ್‌ಕ್ರೀಂ ಗಾಡಿಯವನು. ಯಾರದೋ ಅಜ್ಜ. ಒಂದು ನಾಯಿ.

"ಯಾರು ಬರ್ಬೇಕು?" ಎಂದು ಕಫ್ ಅಕ್ಕ ಮೆಲ್ಲಗೆ ಕೇಳಿದಳು.

ಅವಳು ಸೀಸೆ ತೋರಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕಫ್ ಅಕ್ಕ ಜೇಬಿನ ಕಿವಿಗೆ ಹಾಕಿದಳು. ಜೇಬಿನ ಕಿವಿಗೆ ಬಿದ್ದದ್ದು ಬಸ್ಸಿಗೆಲ್ಲ ಬಿದ್ದಂತೆಯೇ.

ಸ್ಟಾಪ್‌ವಾಚ್ ತಲೆ ಎಣಿಸಿದ. "ನಲವತ್ತೆರಡು. ಸರಿ ಇದೆ. ಹೊರಡ್ರಿ."

ಡ್ರೈವರು ಗೇರು ಹಾಕಿದ. ಬಸ್ಸು ಅಲುಗಿತು. ಅವಳು ಕಣ್ಣು ಮುಚ್ಚಿದಳು.

ಬಸ್ಸಿನ ತಗಡಿನ ಮೇಲೆ ಯಾರೋ ಧಬಧಬ ಬಡಿದರು.

ಕಣ್ಣು ತೆರೆದಾಗ ಅವನು ಬಾಗಿಲ ಮೆಟ್ಟಿಲ ಮೇಲಿದ್ದ. ಬೆವರಿಳಿಯುತ್ತಿತ್ತು. ಹೆಗಲಿಗೆ ಹತಾರಗಳ ಚೀಲ, ಕೈಯಲ್ಲಿ ಅದೇ ಎಣ್ಣೆ ಡಬ್ಬಿ.

ಸ್ಟಾಪ್‌ವಾಚ್ ಅಡ್ಡ ನಿಂತ. "ಇದು ಕಂಪನಿ ಬಸ್ಸು. ಹೊರಗಿನವರಿಗೆ ಜಾಗ ಇಲ್ಲ."

"ನಾಳೆ ಹತ್ತು ಗಂಟೆಗೆ ವಿಚಾರಣೆ ಇದೆಯಂತಲ್ಲ ಸಾರ್. ಸೂಜಿ ತುದಿ ಕತ್ತರಿಸಿದವನು ನಾನು. ಕತ್ತರಿಸೋದನ್ನ ನೋಡಿದವರು ನೀವು. ಇಬ್ಬರೂ ಒಂದೇ ಬಸ್ಸಲ್ಲಿ ಹೋಗೋಣ."

ಸ್ಟಾಪ್‌ವಾಚ್‌ನ ಮುಖ ಬಿಳಿಚಿಕೊಂಡಿತು. "ಇಳಿ ಕೆಳಗೆ."

"ಅವನು ಇಳಿದ್ರೆ ನಾನೂ ಇಳೀತೀನಿ," ಎಂದು ಕಫ್ ಅಕ್ಕ ಎದ್ದಳು.

"ನನಗೂ ಮನೇಲಿ ಅಂಥ ಅರ್ಜೆಂಟೇನಿಲ್ಲ," ಎಂದು ಜೇಬು ಎದ್ದಳು. "ನನ್ನ ಗಂಡ ಇವತ್ತೊಂದು ದಿನ ತಾನೇ ಬೇಯಿಸ್ಕೊಂಡು ತಿನ್ನಲಿ."

ಹಿಂದಿನ ಸಾಲು ಎದ್ದಿತು. ಅದರ ಮುಂದಿನ ಸಾಲು ಎದ್ದಿತು. ಒಂದೇ ಬಣ್ಣದ ಟೋಪಿಗಳು ಒಂದೊಂದಾಗಿ ಮೇಲೆದ್ದವು. ನಲವತ್ತೆರಡು ಜನ ಇಲ್ಲೇ ಇಳಿದರೆ ನಾಳೆ ಮೂರನೇ ಲೈನು ಓಡುವುದಿಲ್ಲ. ಆ ಲೆಕ್ಕ ಹಾಕಲು ಸ್ಟಾಪ್‌ವಾಚ್‌ಗೆ ವಾಚು ಬೇಕಾಗಲಿಲ್ಲ. ತೆಪ್ಪಗೆ ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದ.

"ಈಗ ಎಣಿಸಿ ಸಾರ್," ಎಂದಳು ಜೇಬು. "ನಲವತ್ಮೂರು."

ಕಫ್ ಅಕ್ಕ ಕಾಲರಿನ ಪಕ್ಕದ ಜಾಗ ಬಿಟ್ಟು ಹಿಂದಕ್ಕೆ ಹೋದಳು. ಹೋಗುವಾಗ ಬೇಕೆಂದೇ ಕೆಮ್ಮಿದಳು.

ಬಸ್ಸು ಊರು ಬಿಟ್ಟಿತು. ಒಂದು ತಿರುವಿನವರೆಗೂ ಸಮುದ್ರ ಜೊತೆಗೇ ಬಂತು.

"ಕೈಯಾರೆ ಕಸುಬು ಕಳ್ಕೊಳ್ತಿದ್ದೀರಿ," ಎಂದಳು ಕೊನೆಗೆ.

"ಅಜ್ಜಿ ಕೊಡೆಗಳಿವೆ. ಮಳೆಗಾಲ, ಬೇಸಿಗೆ ಎರಡಕ್ಕೂ ಹರಿಯುತ್ತವೆ."

"ನಾಳೆ ಅವರು ನಂಬದೇ ಇದ್ರೆ?"

"ನಾಡಿದ್ದು ಮತ್ತೆ ಹೇಳ್ತೀನಿ. ಆಚೆ ನಾಡಿದ್ದೂ ಹೇಳ್ತೀನಿ." ಅವನು ಎಣ್ಣೆ ಡಬ್ಬಿಯನ್ನು ಕಾಲಿನ ಬಳಿ ಇಟ್ಟ. "ಆಮೇಲೆ... ಇನ್ನೊಂದು ತುಂಡು ಉಳಿದಿದೆ."

"ಇನ್ನೂ ಏನು ಮುಚ್ಚಿಟ್ಟಿದ್ದೀರಿ?"

"ಅವತ್ತು ಗೇಟ್ ಹತ್ತಿರ ಹೇಳ್ಬೇಕು ಅಂದಿದ್ದು." ಅವನ ಕಿವಿ ಕೆಂಪಾಗಿತ್ತು. "ನಿಮ್ಮ ಮೆಷಿನ್ ಅಷ್ಟು ಸಲ ಕೆಟ್ಟೇ ಇರಲಿಲ್ಲ. ಸುಮ್ಮನೆ ಬಿಚ್ಚಿ, ಅದನ್ನೇ ಮತ್ತೆ ಜೋಡಿಸ್ತಿದ್ದೆ. ಪಕ್ಕದಲ್ಲಿ ಒಂದಿಷ್ಟು ಹೊತ್ತು ಇರ್ಬಹುದಲ್ಲ ಅಂತ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ತುಂಬಾ ಇಷ್ಟ. ಅಷ್ಟೇ ಆ ಮಾತು."

ಅವಳು ಕಿಟಕಿಯ ಕಡೆ ತಿರುಗಿದಳು. ಬೆಳಗಿನಿಂದ ಬಿಗಿಹಿಡಿದ ಕಣ್ಣೀರು ಈಗ ಅನುಮತಿ ಕೇಳದೆ ಇಳಿಯಿತು.

"ಹದಿನೇಳು ಸಲ," ಎಂದಳು.

"ಎಣಿಸಿದ್ರಾ?"

"ಚಿಂದಿಗಳು ಇವೆ, ಡಬ್ಬಿಯಲ್ಲಿ. ಅದರಲ್ಲಿ ಐದಾರು ಸಲ ನಾನೇ ಬೇಕಂತ ದಾರ ತಪ್ಪಾಗಿ ಪೋಣಿಸಿ ನಿನ್ನ ಕರೆಸಿದ್ದೆ."

ಅವನು ಬೆರಗಾಗಿ ನೋಡಿದ. "ಆ ಸೂಜಿ ಮುರಿದ ದಿನ?"

"ಅವತ್ತು ಸುಳ್ಳಲ್ಲ. ಅವತ್ತು ನಿಜವಾಗಿಯೂ ಮುರೀತು."

ಅವನು ಕೈ ಚಾಚಿದ. ಇಡೀ ದಿನ ಚೀಲದ ಹಿಂದೆ ಅಡಗಿದ್ದ ಬಲಗೈಯನ್ನು ಅವಳು ಮೆಲ್ಲಗೆ ಹೊರತೆಗೆದು ಅವನ ಅಂಗೈಯಲ್ಲಿಟ್ಟಳು. ನಾಲ್ಕು ಬೆರಳು ಮಡಿಸಿಕೊಂಡವು. ಒಂದು ಮಾತ್ರ ನೆಟ್ಟಗೆ ನಿಂತಿತ್ತು.

"ನೋಯುತ್ತಾ?"

"ಹೂಂ. ಆದ್ರೂ ಹಿಡ್ಕೋ."